ಬೇರೆಯವರ ಹೆಸರಿನ ನೀರು

ಅದು ಜೂನ್ 12ರ ಸಂಜೆ ಐದು ಗಂಟೆ. ನನ್ನ ಬಾಟಲಿಯಲ್ಲಿ ಅರ್ಧ ಲೀಟರಿಗೂ ಕಡಿಮೆ ನೀರು ಉಳಿದಿತ್ತು. ನಕ್ಷೆಯಲ್ಲಿ ನೀಲಿ ಚುಕ್ಕೆಯಾಗಿದ್ದ ಒರತೆಯನ್ನು ಹುಡುಕಿಕೊಂಡು ಹೋದರೆ ಅಲ್ಲಿ ಒಣಗಿ ಸಿಪ್ಪೆಯೆದ್ದ ಪಾಚಿ, ಎಲ್ಕ್ ಜಿಂಕೆಗಳ ಗೊರಸಿನ ಗುರುತು, ಅಷ್ಟೇ. ಬೆಳಿಗ್ಗೆ ದಾಟಿ ಬಂದಿದ್ದ ಹೊಂಡ ಒಂಬತ್ತು ಕಿಲೋಮೀಟರ್ ಹಿಂದಿತ್ತು. ಅದರ ನೀರೂ ಕೆಸರೇ. ಕಾರು ನಿಲ್ಲಿಸಿದ್ದ ಜಾಗ ಮುಂದೆ ಹದಿನೇಳು ಕಿಲೋಮೀಟರ್, ನಡುವೆ ಒಂದು ದೊಡ್ಡ ಏರು.

ಕಾಲುದಾರಿ ಮಣ್ಣಿನ ರಸ್ತೆಯೊಂದನ್ನು ದಾಟುವ ಕಡೆ ಒಂದು ಹಳೆಯ ಜುನಿಪರ್ ಮರವಿತ್ತು. ಮೊಸಳೆಯ ಬೆನ್ನಿನಂತೆ ಚೌಕ ಚೌಕವಾಗಿ ತೊಗಟೆ ಒಡೆದಿರುತ್ತದಲ್ಲ, ಆ ಜಾತಿಯದು. ಅದರ ನೆರಳಿನಲ್ಲಿ ಕೂರೋಣವೆಂದು ಹೋದರೆ ಬುಡದಲ್ಲಿ ಎರಡು ಪ್ಲಾಸ್ಟಿಕ್ ಕ್ಯಾನು, ಒಂದೊಂದು ಗ್ಯಾಲನ್ನಿನವು. ಎರಡೂ ಸೇರಿ ಏಳೂವರೆ ಲೀಟರ್ ನೀರು. ಮುಚ್ಚಳಕ್ಕೆ ಅಂಟುಪಟ್ಟಿ ಸುತ್ತಿತ್ತು. ಕಪ್ಪು ಮಾರ್ಕರಿನಲ್ಲಿ ಒಂದು ಹೆಸರು, ಅದರ ಕೆಳಗೆ ತಾರೀಖು: ಜೂನ್ 14. ಯಾರೋ ಯಾರಿಗಾಗಿಯೋ ಇಟ್ಟ ನೀರು. ನಾಡಿದ್ದು ಈ ದಾರಿಯಲ್ಲಿ ನಡೆದು ಬರುವ ಒಬ್ಬರಿಗೆ ಇಟ್ಟದ್ದು. ಅದು ನನ್ನ ಹೆಸರಲ್ಲ.

ನಾನು ಎರಡು ಲೀಟರ್ ತೆಗೆದುಕೊಂಡೆ.

ಈ ಬರಹ ಆ ಎರಡು ಲೀಟರಿನ ಲೆಕ್ಕ. ಲೆಕ್ಕ ಇನ್ನೂ ಪೂರ್ತಿ ತಾಳೆಯಾಗಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

*

ಜಾಗ ನ್ಯೂ ಮೆಕ್ಸಿಕೋದ ಹೀಲಾ ರಾಷ್ಟ್ರೀಯ ಅರಣ್ಯ. ಇಂಗ್ಲಿಷಿನಲ್ಲಿ ಬರೆದದ್ದನ್ನು ನೋಡಿ ನಾನೂ ಮೊದಲು ‘ಗಿಲಾ’ ಎನ್ನುತ್ತಿದ್ದೆ. ಅಲ್ಲಿನ ಪೆಟ್ರೋಲ್ ಬಂಕಿನ ಹೆಂಗಸು ನಕ್ಕು ತಿದ್ದಿದಳು. ನಾನಿರುವ ಫೀನಿಕ್ಸಿನಿಂದ ಕಾರಿನಲ್ಲಿ ಸುಮಾರು ಐದು ಗಂಟೆಯ ದಾರಿ. ಒಣ ಬೆಟ್ಟಗಳ ಸಾಲು. ಕೆಳಗೆ ಜುನಿಪರ್, ಕುಳ್ಳ ಓಕ್ ಮರಗಳು. ಮೇಲೆ ಪಾಂಡೆರೋಸಾ ಪೈನ್. ಬಿಸಿಲು ಏರಿದ ಮೇಲೆ ಪಾಂಡೆರೋಸಾದ ತೊಗಟೆಗೆ ಮೂಗಿಟ್ಟರೆ ವೆನಿಲಾದಂಥ ಪರಿಮಳ. ಮೇ, ಜೂನ್ ಬಂದರೆ ಹಳ್ಳಗಳೆಲ್ಲ ಬತ್ತುತ್ತವೆ. ಜುಲೈ ಮೊದಲ ವಾರದ ಹೊತ್ತಿಗೆ ಅಲ್ಲಿಯೂ ಮುಂಗಾರು ಬರುತ್ತದೆ, ಅದನ್ನು ಅವರೂ ಮಾನ್ಸೂನ್ ಎಂದೇ ಕರೆಯುತ್ತಾರೆ. ಅದಕ್ಕೆ ಮುಂಚಿನ ಆರು ವಾರ ಕಾಡು ಒಂದು ಕಿಡಿಗೆ ಕಾಯುತ್ತಿರುತ್ತದೆ.

ರಾಷ್ಟ್ರೀಯ ಅರಣ್ಯದಲ್ಲಿ ಯಾರು ಬೇಕಾದರೂ ನಡೆಯಬಹುದು, ಹೆಚ್ಚಿನ ಕಡೆ ಎಲ್ಲಿ ಬೇಕಾದರೂ ಗುಡಾರ ಹಾಕಿ ಮಲಗಬಹುದು. ಚೀಟಿ ಇಲ್ಲ, ದುಡ್ಡಿಲ್ಲ. ನೀರಿನಿಂದ ಇನ್ನೂರು ಅಡಿಯಾಚೆ ಮಲಗು, ಯಾಕೆಂದರೆ ರಾತ್ರಿ ಪ್ರಾಣಿಗಳು ನೀರಿಗೆ ಬರಬೇಕು. ಮಲವನ್ನು ಗೇಣುದ್ದ ಗುಂಡಿ ತೋಡಿ ಮುಚ್ಚು. ಬೇಸಿಗೆಯಲ್ಲಿ ಬೆಂಕಿ ಹಾಕಬೇಡ. ನಿಯಮಗಳು ಹೆಚ್ಚುಕಡಿಮೆ ಇಷ್ಟೇ. ನನ್ನ ಹುಟ್ಟೂರು ಹನೂರಿನ ಕಡೆಯ ಒಂದು ಹಳ್ಳಿ. ಊರಿನ ಹಿಂದೆಯೇ ಕಾಡು ಶುರು. ಕಗ್ಗಲಿ, ದಿಂಡುಗ, ಬಿದಿರಿನ ಒಣ ಕಾಡು. ಆ ಕಾಡಿನೊಳಗೆ ನಾನು ಈವರೆಗೆ ಒಂದು ರಾತ್ರಿಯೂ ಮಲಗಿಲ್ಲ. ಮಲಗುವಂತಿಲ್ಲ, ಅನುಮತಿಯಿಲ್ಲದೆ ಒಳಗೆ ಕಾಲಿಡುವುದೇ ಅಪರಾಧ. ನಾನು ಚಿಕ್ಕವಳಿದ್ದಾಗ ಕಾನೂನು ಗೊತ್ತಿರಲಿಲ್ಲ, ಗೊತ್ತಿದ್ದುದು ಹೆದರಿಕೆ. ಕಾಡೆಂದರೆ ಆನೆ, ಕಾಡೆಂದರೆ ವೀರಪ್ಪನ್. ಸಂಜೆ ಆರರ ಮೇಲೆ ಬಸ್ಸೂ ಓಡುತ್ತಿರಲಿಲ್ಲ.

ಹೆಣ್ಣುಮಕ್ಕಳಿಗೆ ಬೇರೆಯದೇ ಒಂದು ಕಾಡಿತ್ತು. ಅದು ಊರೊಳಗೇ ಇತ್ತು. ಕೆರೆ ಏರಿಯ ಮೇಲೆ ಒಬ್ಬಳೇ ಹೋದರೆ ಎದುರಿಗೆ ಬಂದ ಮೂರು ಜನರಲ್ಲಿ ಮೂವರೂ ಕೇಳುತ್ತಿದ್ದರು, ‘ಎಲ್ಲಿಗೆ? ಯಾರೂ ಜತೇಲಿ ಇಲ್ವಾ?’ ಅದು ಕಾಳಜಿಯೇ. ಇಪ್ಪತ್ತು ವರ್ಷ ಕಾಳಜಿಯನ್ನು ಉಂಡವರಿಗೆ ಅದರ ರುಚಿ ಗೊತ್ತು. ಮಾದಪ್ಪನ ಕತೆ ಕೇಳಿ ಬೆಳೆದವರು ನಾವು. ಕಂಸಾಳೆಯವರು ಸಂಕಮ್ಮನ ಸಾಲು ಹಾಡುವಾಗ ನನ್ನ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಸೋಲಿಗರ ನೀಲೇಗೌಡ ಕಾಡಿಗೆ ಹೊರಟವನು ಹೆಂಡತಿಯ ಶೀಲದ ಬಗ್ಗೆ ಭಾಷೆ ಕೇಳುತ್ತಾನೆ. ಅವಳು ಕೊಡುವುದಿಲ್ಲ. ಅವಳನ್ನು ಕಟ್ಟಿಹಾಕಿ ನಿರ್ಜನ ಕಾಡಿನಲ್ಲಿ ಬಿಟ್ಟುಹೋಗುತ್ತಾನೆ. ನಮ್ಮ ಕಡೆಯ ದೊಡ್ಡ ಕಾವ್ಯದಲ್ಲಿ ಕಾಡಿನಲ್ಲಿ ಒಬ್ಬಳೇ ಇರುವ ಹೆಣ್ಣು ಎಂದರೆ ಶಿಕ್ಷೆಗೆ ಒಳಗಾದವಳು. ಕಾಡಿಗೆ ತಾನಾಗಿ ಹೋಗುವ ಸ್ವಾತಂತ್ರ್ಯ ಗಂಡನದು, ಅಲ್ಲಿ ಒಂಟಿಯಾಗಿ ಬಿದ್ದಿರುವ ಪಾಡು ಹೆಂಡತಿಯದು.

ಅದಕ್ಕೇ ಹೀಲಾದಲ್ಲಿ ಮೊದಲ ಸಲ ಒಬ್ಬಳೇ ಮಲಗಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಭಯವೂ ಇತ್ತು, ಸುಳ್ಳು ಹೇಳುವುದಿಲ್ಲ. ಗುಡಾರದ ಹೊರಗೆ ಒಣ ಎಲೆಯ ಮೇಲೆ ಇಲಿ ಓಡಿದರೂ ಕರಡಿ ಬಂದಂತೆ ಕೇಳುತ್ತಿತ್ತು. ಆದರೆ ಹೆಚ್ಚಾಗಿ ನನ್ನನ್ನು ಎಚ್ಚರವಾಗಿಟ್ಟದ್ದು ಇನ್ನೊಂದು. ಸುತ್ತ ಹದಿನೈದು ಕಿಲೋಮೀಟರಿನೊಳಗೆ ‘ಎಲ್ಲಿಗೆ?’ ಎಂದು ಕೇಳುವವರು ಯಾರೂ ಇರಲಿಲ್ಲ. ನಲವತ್ತು ವರ್ಷದಲ್ಲಿ ಅದೇ ಮೊದಲು. ಆಮೇಲೆ ಪ್ರತಿವರ್ಷ ಹೋದೆ. ಬೆನ್ನಮೇಲೆ ಮನೆ, ಕಾಲಿಗೆ ದಾರಿ, ಯಾರ ಹಂಗೂ ಇಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಆ ‘ಯಾರ ಹಂಗೂ ಇಲ್ಲ’ ಎಂಬ ಮಾತು ಆ ಕ್ಯಾನುಗಳ ಮುಂದೆ ನಿಂತಾಗ ಗಂಟಲಲ್ಲಿ ಸಿಕ್ಕಿಕೊಂಡಿತು.

*

ಹಂಗಿಲ್ಲದ ಒಂಟಿತನ ಎನ್ನುವುದು ಇದೆಯೇ? ಲೆಕ್ಕ ಹಾಕಿದರೆ ಕಷ್ಟ. ನಾನು ನಡೆದ ಕಾಲುದಾರಿಯನ್ನು ಯಾರೋ ಕಡಿದು ಮಾಡಿದ್ದಾರೆ, ಪ್ರತಿವರ್ಷ ಬಿದ್ದ ಮರಗಳನ್ನು ಯಾರೋ ಗರಗಸದಿಂದ ಕೊಯ್ದು ತೆಗೆಯುತ್ತಾರೆ. ನನ್ನ ಜೇಬಿನಲ್ಲಿ ಉಪಗ್ರಹಕ್ಕೆ ಸಂದೇಶ ಕಳಿಸುವ ಅಂಗೈಯಷ್ಟು ಯಂತ್ರವಿದೆ. ರಾತ್ರಿ ಎಂಟಕ್ಕೆ ‘ಕ್ಷೇಮ’ ಎಂಬ ಒಂದು ಪದ ಹೋಗದಿದ್ದರೆ ಮನೆಯಲ್ಲಿ ಗಂಡ ಮಲಗುವುದಿಲ್ಲ. ಅದರ ಕೆಂಪು ಗುಂಡಿ ಒತ್ತಿದರೆ ಹುಡುಕಲು ಬರುವವರು ನ್ಯೂ ಮೆಕ್ಸಿಕೋದಲ್ಲಿ ಬಹುಪಾಲು ಸ್ವಯಂಸೇವಕರು. ಮೇಷ್ಟ್ರುಗಳು, ಬಡಗಿಗಳು, ನಿವೃತ್ತರು. ಅವರ ರಾತ್ರಿಯ ನಿದ್ದೆಯನ್ನು ನಾನು ಅಡವಿಟ್ಟು ಒಂಟಿಯಾಗಿದ್ದೇನೆ.

ಆದರೆ ಈ ವಾದವನ್ನು ಪೂರ್ತಿ ಒಪ್ಪಿಕೊಳ್ಳಲೂ ನನಗೆ ಹಿಂಜರಿಕೆ. ಯಾಕೆಂದರೆ ಇದೇ ವಾದ ನನ್ನನ್ನು ಮನೆಯಲ್ಲಿ ಕೂರಿಸಿತ್ತು. ‘ನಿನಗೇನಾದ್ರೂ ಆದ್ರೆ ಹುಡುಕ್ಕೊಂಡು ಅಲೀಬೇಕಾದೋರು ನಾವಲ್ವಾ ಕೂಸೆ?’ ಎಂದು ಅವ್ವ ಕೇಳಿದಾಗ ಅದಕ್ಕೆ ಉತ್ತರವಿರಲಿಲ್ಲ. ಮಾತು ಸರಿಯಾಗಿಯೇ ಇತ್ತು. ಗಂಡುಮಕ್ಕಳಿಗೂ ಅದೇ ಮಾತು ಹೊಂದುತ್ತಿತ್ತು, ಅವರಿಗೆ ಮಾತ್ರ ಅದನ್ನು ಹೇಳುತ್ತಿರಲಿಲ್ಲ. ನಾವೆಲ್ಲರೂ ಒಬ್ಬರಿಗೊಬ್ಬರು ಸಾಲಗಾರರು ಎಂಬ ಸತ್ಯವನ್ನು ಹಿಡಿದು ಕೆಲವರನ್ನು ಮಾತ್ರ ಕಟ್ಟಿಹಾಕಬಹುದು. ಆದ್ದರಿಂದ ಹಂಗಿದೆ ಎಂಬುದರಿಂದ ಹೋಗಬಾರದು ಎಂದಾಗುವುದಿಲ್ಲ. ಹಂಗು ಎಲ್ಲಿದೆಯೋ ಅಲ್ಲಿ ಅದನ್ನು ಕಾಣಬೇಕು, ಕಂಡದ್ದಕ್ಕೆ ತಕ್ಕಂತೆ ನಡೆಯಬೇಕು ಎಂದಷ್ಟೇ ಆಗುತ್ತದೆ. ಹೇಳುವುದು ಸುಲಭ. ನಾನು ತಕ್ಕಂತೆ ನಡೆದೆನೇ?

*

ಛಾಂದೋಗ್ಯ ಉಪನಿಷತ್ತಿನಲ್ಲಿ ಉಷಸ್ತಿ ಎಂಬ ಬಡವನ ಕತೆ ಇದೆ. ಕುರುದೇಶದ ಬೆಳೆ ಹಾಳಾಗಿ ಬರ ಬಿದ್ದಿದೆ. ಉಷಸ್ತಿ ಹೆಂಡತಿಯೊಂದಿಗೆ ಊರು ಬಿಟ್ಟು ಬಂದು, ಆನೆ ಇಟ್ಟುಕೊಂಡವನೊಬ್ಬ ಕಾಳು ತಿನ್ನುತ್ತಿದ್ದುದನ್ನು ಕಂಡು ಬೇಡುತ್ತಾನೆ. ನಾನು ತಿಂದು ಉಳಿದದ್ದು ಬಿಟ್ಟರೆ ಬೇರೆ ಇಲ್ಲ ಎನ್ನುತ್ತಾನೆ ಅವನು. ಅದನ್ನೇ ಕೊಡು ಎಂದು ಉಷಸ್ತಿ ಎಂಜಲು ಕಾಳನ್ನು ತೆಗೆದುಕೊಳ್ಳುತ್ತಾನೆ. ಆತ ನೀರನ್ನೂ ಕೊಡಹೋದರೆ ಮಾತ್ರ ಬೇಡವೆನ್ನುತ್ತಾನೆ, ಅದು ಎಂಜಲು ಎಂದು. ಕಾಳು ಎಂಜಲಲ್ಲವೇ ಎಂಬ ಪ್ರಶ್ನೆ ಸಹಜವಾಗಿಯೇ ಬರುತ್ತದೆ. ಉಷಸ್ತಿಯ ಉತ್ತರದ ತಿರುಳು ಇಷ್ಟು: ಕಾಳು ತಿನ್ನದಿದ್ದರೆ ನಾನು ಬದುಕುತ್ತಿರಲಿಲ್ಲ, ನೀರು ನನಗೆ ಬೇಕೆಂದಾಗ ಸಿಗುತ್ತದೆ.

ಎಂಜಲು ಮೈಲಿಗೆಯ ಲೆಕ್ಕಾಚಾರ ನನಗೆ ಬೇಡ. ಅದರಿಂದ ನಮ್ಮ ಊರುಗಳಲ್ಲಿ ಆಗಿರುವ ಅನ್ಯಾಯ ಸಾಕಷ್ಟಿದೆ. ನನ್ನನ್ನು ಹಿಡಿದದ್ದು ಉಷಸ್ತಿ ಗೆರೆ ಎಳೆದ ಜಾಗ. ಕಷ್ಟದಲ್ಲಿದ್ದೇನೆ ಎಂಬ ಕಾರಣ ಸಿಕ್ಕಿದ ತಕ್ಷಣ ಅದರ ಚೀಲದೊಳಗೆ ಎಲ್ಲವನ್ನೂ ಅವನು ತುಂಬಲಿಲ್ಲ. ಕಾಳಿನವರೆಗೆ ಆಪದ್ಧರ್ಮ, ಆಚೆಗೆ ಮಾಮೂಲಿ ಧರ್ಮ.

ನನ್ನ ಎರಡು ಲೀಟರಿಗೆ ಈ ಗೆರೆಯನ್ನು ಎಳೆದು ನೋಡುತ್ತೇನೆ. ಆ ಸಂಜೆ ನೀರಿಲ್ಲದೆ ನಾನು ಸಾಯುತ್ತಿದ್ದೆನೇ? ಬಹುಶಃ ಇಲ್ಲ. ಬಿಸಿಲು ಇಳಿದ ಮೇಲೆ ಹಣೆದೀಪ ಕಟ್ಟಿಕೊಂಡು ರಾತ್ರಿಯೆಲ್ಲ ನಡೆದಿದ್ದರೆ ಅರ್ಧ ಲೀಟರಿನಲ್ಲಿ ಕಾರು ಮುಟ್ಟುವ ಸಾಧ್ಯತೆ ಹೆಚ್ಚಿತ್ತು. ತಲೆ ಸುತ್ತಿ ದಾರಿ ತಪ್ಪುವ ಸಾಧ್ಯತೆಯೂ ಇತ್ತು. ಒಣ ಬೆಟ್ಟದಲ್ಲಿ ಜನ ಸಾಯುವುದು ಹೆಚ್ಚಾಗಿ ಹಾಗೆಯೇ, ದಾಹದಿಂದ ಮೊದಲು ಬುದ್ಧಿ ತಪ್ಪಿ, ಆಮೇಲೆ ದಾರಿ ತಪ್ಪಿ. ಆದ್ದರಿಂದ ಮೊದಲ ಲೀಟರ್ ಕಾಳು ಎಂದು ನಾನು ವಾದಿಸಬಲ್ಲೆ. ಎರಡನೆಯದು? ಎರಡನೆಯ ಲೀಟರಿನಲ್ಲಿ ನಾನು ರಾತ್ರಿ ನೂಡಲ್ಸ್ ಬೇಯಿಸಿಕೊಂಡೆ. ಬೆಳಿಗ್ಗೆ ಊರಿಂದ ತರಿಸಿದ ಪುಡಿಯಲ್ಲಿ ಕಾಫಿ ಮಾಡಿಕೊಂಡೆ. ಒಳ್ಳೆಯ ಕಾಫಿ. ಪೈನ್ ಮರಗಳ ನಡುವೆ ಸೂರ್ಯ ಹುಟ್ಟುವುದನ್ನು ನೋಡುತ್ತಾ ನಿಧಾನವಾಗಿ ಕುಡಿದೆ.

ಕ್ಯಾನಿನ ಕೆಳಗೆ ಒಂದು ಚೀಟಿ ಇಟ್ಟಿದ್ದೆ. ಎರಡು ಲೀಟರ್ ತೆಗೆದುಕೊಂಡಿದ್ದೇನೆ, ನಾಳೆ ಸಂಜೆಯೊಳಗೆ ತಂದಿಡುತ್ತೇನೆ, ಕ್ಷಮಿಸಿ ಎಂದು ಬರೆದು ಕೆಳಗೆ ಫೋನ್ ನಂಬರು. ಮಾತು ಉಳಿಸಿಕೊಂಡೆ. 13ರ ಮಧ್ಯಾಹ್ನ ಕಾರು ಮುಟ್ಟಿ, ಊರಿಗೆ ಹೋಗಿ ಎರಡು ಗ್ಯಾಲನ್ ನೀರು ಕೊಂಡು, ಕಾಡುರಸ್ತೆಯಲ್ಲಿ ಕಲ್ಲು ಗುಂಡಿ ಹಾಯ್ದು, ಸೂರ್ಯ ಮುಳುಗುವ ಮುಂಚೆ ಅದೇ ಮರದ ಹತ್ತಿರ ಬಂದೆ. ಕ್ಯಾನುಗಳು ಇಟ್ಟ ಹಾಗೇ ಇದ್ದವು. ಚೀಟಿಯೂ ಹಾಗೇ ಇತ್ತು. ಯಾರೂ ಬಂದಿರಲಿಲ್ಲ.

ಎದೆ ಹಗುರಾಯಿತು. ಕೊಟ್ಟದ್ದು ತೆಗೆದುಕೊಂಡದ್ದಕ್ಕಿಂತ ಹೆಚ್ಚೇ ಆಯಿತು, ಬಡ್ಡಿಯೂ ಸೇರಿತು ಎಂದುಕೊಂಡೆ. ಆ ಹಗುರ ಫೀನಿಕ್ಸಿನ ದಾರಿ ಅರ್ಧ ಸವೆಯುವ ಹೊತ್ತಿಗೆ ಹೋಗಿತ್ತು. ಆ ಇಪ್ಪತ್ತನಾಲ್ಕು ಗಂಟೆಯೊಳಗೆ ಅವರು ಬಂದಿದ್ದರೆ? ನಡೆಯುವವರು ತಾರೀಖಿಗೆ ಸರಿಯಾಗಿ ಬರುವುದಿಲ್ಲ. ಒಂದು ದಿನ ಮೊದಲೇ ಬರಬಹುದು. ಇನ್ನೊಬ್ಬರನ್ನು ಕರೆದುಕೊಂಡು ಬರಬಹುದು. ಏಳೂವರೆ ಲೀಟರ್ ಇದೆ ಎಂದು ನಂಬಿ ತಮ್ಮ ಕೊನೆಯ ಗುಟುಕನ್ನು ಆ ಏರಿನ ಮೇಲೇ ಕುಡಿದು ಮುಗಿಸಿ ಬರಬಹುದು. ನಾನು ತೆಗೆದುಕೊಂಡದ್ದು ಬರೀ ನೀರಲ್ಲ, ಅವರ ಲೆಕ್ಕವನ್ನು. ಹೀಗೇನೂ ಆಗಲಿಲ್ಲ, ನಿಜ. ಆಗದಿದ್ದುದು ಅದೃಷ್ಟ. ನನ್ನ ಸದ್ಗುಣಕ್ಕೂ ಅದಕ್ಕೂ ಸಂಬಂಧವಿಲ್ಲ. ಕುಡಿದು ಗಾಡಿ ಓಡಿಸಿ ಯಾರಿಗೂ ಗುದ್ದದೆ ಮನೆ ಸೇರಿದವನಿಗೂ ಗುದ್ದಿದವನಿಗೂ ಮಾಡಿದ ಕೆಲಸದಲ್ಲಿ ವ್ಯತ್ಯಾಸವಿಲ್ಲ, ದಾರಿಯಲ್ಲಿ ಯಾರು ಎದುರಾದರು ಎಂಬುದರಲ್ಲಷ್ಟೇ ವ್ಯತ್ಯಾಸ.

ಚೀಟಿಯನ್ನು ಹರಿದು ಹಾಕಬೇಕೋ ಬಿಡಬೇಕೋ ಎಂದು ಮರದ ಕೆಳಗೆ ತುಂಬ ಹೊತ್ತು ನಿಂತಿದ್ದೆ. ಹರಿದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ, ಬಿಟ್ಟರೆ ನಡೆದು ದಣಿದು ಬಂದವರಿಗೆ ನನ್ನ ತಪ್ಪೊಪ್ಪಿಗೆಯ ಭಾರ. ಕೊನೆಗೆ ‘ತಂದಿಟ್ಟಿದ್ದೇನೆ’ ಎಂಬ ಸಾಲು ಸೇರಿಸಿ ಬಿಟ್ಟುಬಂದೆ. ಫೋನ್ ಬರಲಿಲ್ಲ. ಇವತ್ತಿಗೂ ಬಂದಿಲ್ಲ. ಯಾರೂ ಬಂದು ಕೇಳಲಿಲ್ಲ ಎನ್ನುವುದು ಅದನ್ನು ತೆಗೆದುಕೊಳ್ಳಬಹುದಿತ್ತು ಎನ್ನುವುದಕ್ಕೆ ಪುರಾವೆಯಾಗುವುದಿಲ್ಲ. ಇದೊಂದು ವಾಕ್ಯ ಆ ದಾರಿಯಿಂದ ನನ್ನ ಜೊತೆ ಮನೆಗೆ ಬಂತು.

*

ಬಂದ ವಾಕ್ಯ ಸುಮ್ಮನೆ ಕೂರಲಿಲ್ಲ. ನೀರಿನಿಂದ ಕಾಡಿಗೆ ಹೋಯಿತು.

ಹೀಲಾಕ್ಕೆ ಒಂದು ಹೆಗ್ಗಳಿಕೆ ಇದೆ. 1924ರ ಜೂನ್ 3ರಂದು ಅಲ್ಲಿನ ದೊಡ್ಡ ಭಾಗವೊಂದನ್ನು ರಸ್ತೆ, ಕಟ್ಟಡಗಳಿಲ್ಲದ ವನ್ಯಪ್ರದೇಶವಾಗಿ ಉಳಿಸಬೇಕೆಂದು ತೀರ್ಮಾನಿಸಲಾಯಿತು. ಅಮೆರಿಕದ ಅರಣ್ಯಗಳಲ್ಲಿ ಅಂಥದ್ದು ಅದೇ ಮೊದಲು. ಅದಕ್ಕಾಗಿ ವಾದಿಸಿದವನು ಆಲ್ಡೋ ಲಿಯೋಪೋಲ್ಡ್, ಅರಣ್ಯ ಇಲಾಖೆಯ ಯುವ ಅಧಿಕಾರಿ. ಮುಂದೆ 1964ರ ವಿಲ್ಡರ್ನೆಸ್ ಕಾಯ್ದೆ ಬಂತು. ಅಂಥ ಕಡೆ ಮನುಷ್ಯ ಬಂದುಹೋಗುವವನು, ನೆಲೆಸುವವನಲ್ಲ ಎಂಬ ಅರ್ಥದ ಮಾತು ಆ ಕಾಯ್ದೆಯಲ್ಲೇ ಇದೆ. ನಾನು ಆ ಮಾತನ್ನು ಬಹಳ ಪ್ರೀತಿಸುತ್ತಿದ್ದೆ. ಅತಿಥಿಯ ವಿನಯ ಅದರಲ್ಲಿದೆ ಎನಿಸುತ್ತಿತ್ತು.

ಲಿಯೋಪೋಲ್ಡ್ ಯೌವನದಲ್ಲಿ ತೋಳಗಳನ್ನು ಕೊಲ್ಲಬೇಕೆಂದವನು, ಕೊಂದವನು. ಅದು ತಪ್ಪಾಯಿತೆಂದು ಆಮೇಲೆ ಬರೆದವನೂ ಅವನೇ. ತೋಳ ಹೋದ ಮೇಲೆ ಜಿಂಕೆಗಳು ಮಿತಿಮೀರಿದವು. ಅವನ್ನು ಕಡಿಮೆ ಮಾಡಲು ಬೇಟೆಗಾರರಿಗೆ ದಾರಿ ಬೇಕೆಂದು 1930ರ ದಶಕದ ಆರಂಭದಲ್ಲಿ ಆ ವನ್ಯಪ್ರದೇಶದ ನಡುವೆಯೇ ಮಣ್ಣಿನ ರಸ್ತೆಯೊಂದನ್ನು ಎಳೆದರು. ಇಂದು ಅದರ ಒಂದು ಬದಿಗೆ ಹೀಲಾ ವಿಲ್ಡರ್ನೆಸ್, ಇನ್ನೊಂದು ಬದಿಗೆ ಲಿಯೋಪೋಲ್ಡನದೇ ಹೆಸರಿನ ವಿಲ್ಡರ್ನೆಸ್. ನಾನು ಕುಡಿದ ನೀರನ್ನು ಯಾರೋ ಕಾರಿನಲ್ಲಿ ತಂದಿಟ್ಟದ್ದು ಆ ರಸ್ತೆಯಲ್ಲಿ. ಒಂದು ತಪ್ಪಿನ ಮೇಲೆ ಇನ್ನೊಂದು ತಪ್ಪು ಕೂತು ಆದ ರಸ್ತೆ ನನ್ನ ಬಾಯಿಗೆ ನೀರು ತಂದಿತ್ತು.

ಆದರೆ ಲಿಯೋಪೋಲ್ಡ್ ‘ಖಾಲಿ’ ಎಂದು ಕಂಡ ಕಾಡು ಖಾಲಿಯಾದದ್ದು ಹೇಗೆ? ಅಲ್ಲಿನ ಬಂಡೆಗುಹೆಗಳಲ್ಲಿ 1280ರ ಆಸುಪಾಸಿನಲ್ಲಿ ಕಟ್ಟಿದ ಮನೆಗಳಿವೆ, ಮಗೊಯೋನ್ ಜನರವು. ಅವರು ಹೋದ ಮೇಲೆ ಆ ಬೆಟ್ಟಗಳು ಅಪಾಚೆಗಳ ನೆಲ. ತಾನು ಹುಟ್ಟಿದ್ದು ಹೀಲಾ ನದಿಯ ಮೂಲದ ಹತ್ತಿರ ಎಂದು ಜೆರೊನಿಮೊ ಹೇಳಿಕೊಂಡಿದ್ದಾನೆ. 1886ರಲ್ಲಿ ಅವನು ಶರಣಾದಾಗ ಚಿರಿಕಾವಾ ಅಪಾಚೆಗಳನ್ನು, ಹೆಂಗಸರು ಮಕ್ಕಳು, ಸೈನ್ಯಕ್ಕೇ ದಾರಿ ತೋರಿಸಿದ್ದ ಅಪಾಚೆ ಸ್ಕೌಟುಗಳು ಎನ್ನದೆ, ರೈಲಿಗೆ ತುಂಬಿ ಫ್ಲೋರಿಡಾಕ್ಕೆ ಕಳಿಸಿದರು. ಅಲ್ಲಿಂದ ಅಲಬಾಮಾ, ಅಲ್ಲಿಂದ ಒಕ್ಲಹೋಮಾ. ಯುದ್ಧಕೈದಿಗಳು ಎಂಬ ಹೆಸರಿನಲ್ಲಿ 27 ವರ್ಷ. ಜೆರೊನಿಮೊ 1909ರಲ್ಲಿ ಕೈದಿಯಾಗಿಯೇ ಸತ್ತ. ಉಳಿದವರಿಗೆ ಬಿಡುಗಡೆಯಾದದ್ದು 1913ರಲ್ಲಿ. ಹೀಲಾ ಅವರಿಗೆ ವಾಪಸು ಸಿಗಲಿಲ್ಲ. ಅದಾಗಿ ಹನ್ನೊಂದೇ ವರ್ಷಕ್ಕೆ, 1924ರಲ್ಲಿ, ಇದು ಮನುಷ್ಯ ನೆಲೆಸದ ಜಾಗ ಎಂದು ಗೆರೆ ಎಳೆಯಲಾಯಿತು.

ನನ್ನನ್ನು ‘ಎಲ್ಲಿಗೆ?’ ಎಂದು ಕೇಳುವವರು ಅಲ್ಲಿ ಯಾಕೆ ಇರಲಿಲ್ಲ ಎಂಬುದಕ್ಕೆ ಉತ್ತರ ಇದು. ಕೇಳಬೇಕಾದವರನ್ನು ರೈಲಿಗೆ ಹತ್ತಿಸಲಾಗಿತ್ತು. ನಾನು ಜೀವನದಲ್ಲಿ ಮೊದಲ ಸಲ ಉಂಡ ಬಿಡುಗಡೆ, ಇನ್ನೊಬ್ಬರ ಹೆಸರು ಬರೆದಿದ್ದ ಕ್ಯಾನಿನಿಂದ ಬಗ್ಗಿಸಿಕೊಂಡದ್ದು.

ಇದನ್ನು ಬರೆಯುವಾಗ ಇದು ಅಮೆರಿಕದ ಪಾಪ, ನನಗೇನು ಎಂಬ ದನಿಯೊಂದು ಒಳಗೆ ಏಳುತ್ತದೆ. ಆದರೆ ನಮ್ಮೂರಿನಿಂದ ಕಾಣುವ ನೀಲಿ ಬೆಟ್ಟಗಳು ಬಿಳಿಗಿರಿರಂಗನ ಬೆಟ್ಟಗಳು. ಅಲ್ಲಿ 1974ರಲ್ಲಿ ಅಭಯಾರಣ್ಯವಾಯಿತು. ಕಾಡೊಳಗಿನ ಸೋಲಿಗರ ಪೋಡುಗಳನ್ನು ಅಂಚಿಗೆ ತಂದು ಕೂರಿಸಲಾಯಿತು. ಬೇಟೆ ನಿಂತಿತು, ಬೇಸಾಯ ನಿಂತಿತು, ತರಗು ಬೆಂಕಿ ನಿಂತಿತು. ಬೇಸಿಗೆಯ ಮೊದಲಲ್ಲಿ ಉದುರಿದ ಎಲೆಗೆ ಅವರು ಹಾಕುತ್ತಿದ್ದ ತೆಳು ಬೆಂಕಿ ಅದು. ಬೆಂಕಿ ನಿಂತದ್ದಕ್ಕೇ ಲಂಟಾನ ಕಾಡನ್ನೆಲ್ಲ ನುಂಗಿತು ಎಂದು ಸೋಲಿಗರು ಹೇಳುತ್ತಾ ಬಂದಿದ್ದಾರೆ. ಅಮೆರಿಕದಲ್ಲೂ ಕಾಡಿನ ಬೆಂಕಿ ಎಲ್ಲಿ ಕಂಡರೂ ಮರುದಿನ ಬೆಳಿಗ್ಗೆ ಹತ್ತರೊಳಗೆ ಆರಿಸಬೇಕೆಂದು 1935ರಲ್ಲಿ ನಿಯಮ ಮಾಡಿದ್ದರು. ಒಣ ಪೈನ್ ಕಾಡಿಗೆ ಆಗಾಗ ಸಣ್ಣ ಬೆಂಕಿ ಬೇಕು ಎಂಬ ಅರಿವು ಬಂದು ಆ ನೀತಿ ಬಿಡುವಷ್ಟರಲ್ಲಿ ದಶಕಗಳೇ ಕಳೆದಿದ್ದವು, ದಶಕಗಳ ಸೌದೆ ಕಾಡಿನಲ್ಲಿ ಕೂಡಿಬಿದ್ದಿತ್ತು. 2012ರಲ್ಲಿ ಹೀಲಾದಲ್ಲಿ ಎದ್ದ ಒಂದೇ ಬೆಂಕಿ ಸುಮಾರು ಮೂರು ಲಕ್ಷ ಎಕರೆ ಸುಟ್ಟಿತು. ನಾನು ಮಲಗಿದ ಎಷ್ಟೋ ಜಾಗಗಳಲ್ಲಿ ಈಗಲೂ ಕರಿ ಕಂಬಗಳಂತೆ ಸತ್ತ ಮರಗಳು ನಿಂತಿವೆ. ಕಾಡನ್ನು ಬಲ್ಲವರನ್ನು ಹೊರಗಿಟ್ಟು ಕಾಡನ್ನು ಕಾಯಬಹುದು ಎಂಬ ನಂಬಿಕೆ ಎರಡು ಖಂಡಗಳಲ್ಲಿ ಒಂದೇ ಥರ ಬೆಲೆ ಕೇಳಿದೆ.

*

ಹೋದ ವರ್ಷ ಊರಿಗೆ ಬಂದಿದ್ದಾಗ ಬಿಳಿಗಿರಿಬೆಟ್ಟಕ್ಕೆ ಬಸ್ಸಿನಲ್ಲಿ ಹೋದೆ. ಒಂದು ಪೋಡಿನಲ್ಲಿ ವಯಸ್ಸಾದ ಸೋಲಿಗರೊಬ್ಬರ ಜಗಲಿಯಲ್ಲಿ ಕೂತು ಮಾತಾಡುತ್ತಿದ್ದೆ. 2011ರಲ್ಲಿ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು, ಅದೇ ವರ್ಷ ಅಲ್ಲಿನ ಅನೇಕ ಪೋಡುಗಳಿಗೆ ಅರಣ್ಯಹಕ್ಕು ಕಾಯ್ದೆಯಡಿ ಸಮುದಾಯದ ಹಕ್ಕೂ ಸಿಕ್ಕಿತು. ಆ ಹಕ್ಕುಪತ್ರವನ್ನು ಅವರು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತೊಲೆಯ ಮೇಲಿಟ್ಟಿದ್ದರು. ನಾನು ಹೀಲಾದ ಕತೆ ಹೇಳಿದೆ. ಒಬ್ಬಳೇ ನಡೆಯುವುದು, ಒಬ್ಬಳೇ ಮಲಗುವುದು. ಅವರು ಬೈಯಲಿಲ್ಲ, ಹೊಗಳಲೂ ಇಲ್ಲ. ಬೀಡಿ ಆರಿಸಿ ಕೇಳಿದರು:

‘ಅದು ಯಾರ ಎಲ್ಲೆ ಅವ್ವ?’

ನನಗೆ ಅರ್ಥವಾಗಲಿಲ್ಲ. ‘ಸರ್ಕಾರದ್ದು ತಾತ,’ ಎಂದೆ.

‘ಸರ್ಕಾರ ಎಲ್ಲಾ ಕಡೆ ಅದೆ. ನೀನು ಮಲಗಿದ್ದ ತಾವು ಯಾರ ಎಲ್ಲೆ ಅಂದೆ. ಯಾವ ಕುಲದೋರದ್ದು. ಅಲ್ಲಿ ದೇವರು ಯಾವುದು, ಅಬ್ಬಿ ಯಾವುದು. ಗೊತ್ತಿಲ್ದೆ ಎಂಗೆ ಮಲಗ್ದೆ?’

ಅವರ ಕಾಡಿನಲ್ಲಿ ಪ್ರತಿ ತುಂಡಿಗೂ ಎಲ್ಲೆಯಿದೆ, ಎಲ್ಲೆಗೊಂದು ಕುಲವಿದೆ. ದೇವರ ತಾವು, ಮಾರಿಯ ತಾವು, ವೀರರ ತಾವು, ನೀರಿನ ತಾವು ಎಂದು ಗುರುತಿದೆ. ನಾನು ಮಲಗಿದ ಜಾಗಕ್ಕೆ ನನ್ನ ಬಳಿ ಇದ್ದುದು ಅಕ್ಷಾಂಶ, ರೇಖಾಂಶ ಮತ್ತು ಕಾಲುದಾರಿಯ ನಂಬರು. ಅವರ ಪ್ರಶ್ನೆ ನಮ್ಮ ಕೆರೆ ಏರಿಯ ಪ್ರಶ್ನೆಯಂತೆ ಇರಲಿಲ್ಲ. ನೀನು ಯಾಕೆ ಹೋದೆ, ಯಾರ ಜೊತೆ ಹೋದೆ ಎಂದು ಅವರು ಕೇಳಲಿಲ್ಲ. ಹೋಗು, ಆದರೆ ಯಾರ ಮನೆಗೆ ಹೋಗಿದ್ದೀಯೆಂದು ತಿಳಿದು ಹೋಗು ಎನ್ನುವ ಥರ ಇತ್ತು. ನನ್ನನ್ನು ಕಟ್ಟಿಹಾಕದ ಹಂಗೊಂದನ್ನು ನಾನು ಮೊದಲ ಸಲ ಕೇಳಿದ್ದು ಆ ಜಗಲಿಯಲ್ಲಿ.

ವಾಪಸು ಬರುವಾಗ ಅಜ್ಜಿಯ ನೆನಪಾಯಿತು. ಶಿವರಾತ್ರಿಗೆ ಊರಿನವರ ಜೊತೆ ತಾಳಬೆಟ್ಟದಿಂದ ಮಾದಪ್ಪನ ಬೆಟ್ಟಕ್ಕೆ ಅವಳು ಬರಿಗಾಲಿನಲ್ಲಿ ಹತ್ತುತ್ತಿದ್ದಳು. ಎಪ್ಪತ್ತೇಳು ಮಲೆಯ ಒಣ ಕಾಡು, ಬೇಸಿಗೆ ಕಾಲಿಡುವ ಹೊತ್ತು, ‘ಉಘೇ ಮಾದಪ್ಪ’ ಎಂಬ ಕೂಗು. ದಾರಿಯುದ್ದಕ್ಕೂ ಅರವಟ್ಟಿಗೆಗಳು. ಚಪ್ಪರ, ಮಣ್ಣಿನ ಗುಡಾಣ, ನೀರು, ಮಜ್ಜಿಗೆ, ಪಾನಕ. ಯಾರು ಇಟ್ಟರು ಎಂದು ಕುಡಿಯುವವರಿಗೆ ಗೊತ್ತಿಲ್ಲ, ಯಾರು ಕುಡಿದರು ಎಂದು ಇಟ್ಟವರಿಗೆ ಗೊತ್ತಿಲ್ಲ. ಹೆಸರಿಲ್ಲದ ನೀರು. ಎಲ್ಲರ ಹಂಗೂ ಅಲ್ಲಿ ಕೂಡಿ ಯಾರದೂ ಅಲ್ಲದ ಹಾಗಾಗಿರುತ್ತದೆ. ನನ್ನದು ಅಂಥ ನೀರಲ್ಲ. ಹೆಸರಿದ್ದ ನೀರನ್ನು ನಾನು ಅರವಟ್ಟಿಗೆ ಎಂದು ತಿಳಿದು ಕುಡಿದೆ. ತಪ್ಪು ಅಲ್ಲಿದೆ ಎಂದು ಈಗ ಅನಿಸುತ್ತದೆ. ಕಾಡನ್ನೂ ಹಾಗೆಯೇ ಕುಡಿದೆ.

ಹಾಗಾದರೆ ಹೋಗುವುದನ್ನು ಬಿಟ್ಟೆನೇ? ಇಲ್ಲ. ನಾನು ಬಿಟ್ಟ ಮಾತ್ರಕ್ಕೆ ಅಪಾಚೆಗಳಿಗೆ ಹೀಲಾ ವಾಪಸು ಸಿಗುವುದಿಲ್ಲ, ನನಗೆ ಕೆರೆ ಏರಿ ವಾಪಸು ಸಿಗುತ್ತದೆ ಅಷ್ಟೇ. ಈ ಮಾತಿನಲ್ಲಿ ನನ್ನ ಅನುಕೂಲವೂ ಇದೆ ಎಂದು ಬಲ್ಲೆ. ಆದ್ದರಿಂದ ಒಂದೆರಡು ಸಣ್ಣ ಕೆಲಸ ಮಾಡುತ್ತೇನೆ. ನಾನು ನಡೆಯುವ ಬೆಟ್ಟ ಯಾರದಾಗಿತ್ತು ಎಂದು ಓದದೆ ಹೊರಡುವುದಿಲ್ಲ. ನನ್ನ ಲೆಕ್ಕಕ್ಕಿಂತ ಎರಡು ಲೀಟರ್ ನೀರು ಹೆಚ್ಚು ಹೊರುತ್ತೇನೆ, ಎರಡು ಕಿಲೋ ಭಾರ. ಕಳೆದ ಸಲ ಅದೇ ಜುನಿಪರಿನ ಬುಡದಲ್ಲಿ ಆ ಎರಡು ಲೀಟರ್ ಇಟ್ಟು, ವಾಪಸಾಗುವ ದಿನ ಖಾಲಿ ಬಾಟಲಿಗೆಂದು ಕಾರಿನಲ್ಲಿ ಸುತ್ತಿ ಬಂದು ನೋಡಿದೆ. ಒಂದು ಬಾಟಲಿ ಖಾಲಿಯಾಗಿತ್ತು, ಮುಚ್ಚಳ ಹಾಕಿ ನೆಟ್ಟಗೆ ನಿಲ್ಲಿಸಿದ್ದರು. ಇನ್ನೊಂದನ್ನು ಮುಟ್ಟಿರಲಿಲ್ಲ.

ಯಾರೋ ಉಷಸ್ತಿಯ ಕಡೆಯವರು ಇರಬೇಕು. ಬಾಟಲಿಗಳ ಮೇಲೆ ನಾನು ಯಾರ ಹೆಸರನ್ನೂ ಬರೆದಿರಲಿಲ್ಲ.